ಮಣಿಕಟ್ಟು ಏಳದ ದಿನಗಳು

ಆಗದ ಮಾತು ಎಂದವರು ನನ್ನ ಸೋದರಮಾವ, ವಿಶ್ವನಾಥ ಮಾವ. ಬಲಗೈಗೆ ಭುಜದಿಂದ ಬೆರಳಿನವರೆಗೆ ಪಟ್ಟಿ ಕಟ್ಟಿಸಿಕೊಂಡು ನಾನು ಆಸ್ಪತ್ರೆಯಿಂದ ಮುಂಬಯಿ ಬೊರಿವಲಿಯ ನಮ್ಮ ಸಾಲುಮನೆಯ ಚಾಳಿಗೆ ಮರಳಿದ ದಿನ ಬಾಗಿಲಲ್ಲಿ ಚಪ್ಪಲಿ ಬಿಚ್ಚುತ್ತಾ ಅಮ್ಮನಿಗೆ ಅಂದರು: "ಇನ್ನು ಇವಳ ಓದಿನ ಆಸೆ ಬಿಡು ತಂಗೀ. ಈ ಕೈಯಲ್ಲಿ ಪರೀಕ್ಷೆ ಬರೆದು ಪಾಸಾಗುವುದುಂಟಾ? ಆಗುವ ಕೆಲಸ ಏನಾದರೂ ಇದ್ದರೆ ಹೇಳು, ಮಾಡುವ."

ಅವರು ಕೆಟ್ಟವರಲ್ಲ. ಅಂದು ಅವರ ಕಣ್ಣೂ ಕೆಂಪಾಗಿತ್ತು. ಆದರೆ ನಮ್ಮವರಲ್ಲಿ ಸೋದರಮಾವ ಒಂದು ಮಾತು ಹೇಳಿದರೆ ಅದರ ಮೇಲೆ ಅಪೀಲು ಇಲ್ಲ. ನನಗೆ ಆಗ ಹನ್ನೊಂದು ವರ್ಷ.

ಈಗ ನಾನು ಬಿ.ಕಾಂ. ಪದವೀಧರೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಹುಡುಕಿದರೂ ನನಗಿಂತ ಮೊದಲು ಕಾಲೇಜಿಗೆ ಹೋದವರು ಸಿಗುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟಿದ್ದೇನೆ. ಆದರೆ ಬರೆಯಲು ಕೂತದ್ದು ಆ ಹೆಮ್ಮೆಗಾಗಿ ಅಲ್ಲ. ಕಳೆದ ಸಲ ತಪಾಸಣೆಗೆ ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಕೂತಿದ್ದರು. ಮಡಿಲಲ್ಲಿ ಆರೇಳು ವರ್ಷದ ಹುಡುಗ. ಅವನ ಒಂದು ಪಾದ ಸೋತು ಕೆಳಗೆ ಬಿದ್ದಿತ್ತು. ನಾನು ಫೋನಿನಲ್ಲಿ ಗೆಳತಿಯೊಡನೆ ಕನ್ನಡ ಮಾತಾಡಿದ್ದು ಕೇಳಿ ಆಕೆ ನನ್ನ ತೋಳಿನ ಗಾಯದ ಗೆರೆ ನೋಡಿ ಕೇಳಿದರು: "ಅಕ್ಕಾ, ನಿಮಗೂ ನರದಾಗ ಗಂಟು ಆಗಿತ್ತೇನ್ರಿ? ನಮ್ಮೂರಾಗ ಯಾರೂ ನಂಬೂದಿಲ್ರಿ. ಸಣ್ಣ ಹುಡುಗರಿಗೆ ಇಂಥದ್ದು ಬರೂದಿಲ್ಲ, ನೀ ಏನೋ ತಪ್ಪು ಕೇಳಿ ಬಂದೀ ಅಂತಾರ."

ಅವರ ಹೆಸರು ಕರೆದರು, ಎದ್ದು ಹೋದರು. ನಾನು ಹೇಳಬೇಕಾದದ್ದು ಬಾಯಲ್ಲೇ ಉಳಿಯಿತು. ಅದನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲಿ ನಮ್ಮದು ತುಳು. ಎಲ್ಲರ ಮಾತನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾವು ಒಂದು ಕೋಣೆ, ಒಂದು ಅಡಿಗೆಮನೆಯ ಜನ. ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಚಾ ಮಾಡುವವರು. ಬೆಳಗಿನ ಮೊದಲ ಲೋಕಲ್ ರೈಲಿಗೆ ಹೋಗಿ ರಾತ್ರಿ ಬರುವವರು. ಅಮ್ಮ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಅಪ್ಪನ ತಾಯಿ, ನಮ್ಮ ಅಜ್ಜಿ, ಮನೆಯ ಶಿಸ್ತು ನೋಡಿಕೊಳ್ಳುತ್ತಿದ್ದಳು. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದುತ್ತಿದ್ದೆ.

ಕಾಯಿಲೆ ಬಂದದ್ದು ಕಾಯಿಲೆಯ ಹಾಗೆ ಅಲ್ಲ. ನೋವಿಲ್ಲ, ಜ್ವರವಿಲ್ಲ, ಬಾವಿಲ್ಲ. ಅದು ನಮ್ಮ ಮನೆಗೆ ಬಂದದ್ದು ಕೆಟ್ಟ ಅಭ್ಯಾಸದ ರೂಪದಲ್ಲಿ. ನಾನು ಎಡಗೈಯಲ್ಲಿ ಲೋಟ ಎತ್ತಲು ಶುರು ಮಾಡಿದೆ. ಬಂದವರಿಗೆ ಎಡಗೈಯಲ್ಲಿ ನೀರು ಕೊಟ್ಟೆ. ಅಂಗಡಿಯವನಿಂದ ಚಿಲ್ಲರೆ ಎಡಗೈಯಲ್ಲಿ ತೆಗೆದುಕೊಂಡೆ. ಬಲಗೈಯಲ್ಲಿ ಹಿಡಿದದ್ದು ಜಾರುತ್ತಿತ್ತು, ಹಾಗಾಗಿ ಎಡಗೈ ತಾನಾಗಿಯೇ ಮುಂದೆ ಬರುತ್ತಿತ್ತು. ಮಕ್ಕಳು ಇಂಥದನ್ನು ಹೇಳುವುದಿಲ್ಲ. ಮಕ್ಕಳಿಗೆ ತಮ್ಮ ಮೈ ಹೀಗೇ ಇರುವುದು ಅನ್ನಿಸುತ್ತದೆ.

ನಮ್ಮಲ್ಲಿ ಎಡಗೈಯಲ್ಲಿ ಕೊಡುವುದೆಂದರೆ ಎದುರಿನವರಿಗೆ ಅವಮಾನ ಮಾಡಿದ ಹಾಗೆ. ಅಜ್ಜಿ ಸುಮ್ಮನಿರುತ್ತಾಳೆಯೇ? "ಎಂತ ಹುಡುಗಿ ಇದು, ನಾಳೆ ಗಂಡನ ಮನೆಯಲ್ಲಿ ಅತ್ತೆಗೆ ಎಡಗೈಯಲ್ಲಿ ಬಡಿಸಿಯಾಳು," ಎಂದು ಎಡಗೈಯ ಮೇಲೆ ಪಟ್ಟನೆ ಹೊಡೆಯುತ್ತಿದ್ದಳು. ಪಕ್ಕದ ಮನೆಯವರು "ಎಡಚಿ ರಾಣಿ ಬಂದಳು" ಎಂದು ತಮಾಷೆ ಮಾಡುತ್ತಿದ್ದರು. ಶಾಲೆಯಲ್ಲಿ ಟೀಚರು ನನ್ನ ಅಕ್ಷರ ನೋಡಿ, "ಕೋಳಿ ಕೆದರಿದ ಹಾಗೆ ಬರೆದಿದ್ದಿ, ಇನ್ನೊಮ್ಮೆ ಬರಿ" ಅನ್ನುತ್ತಿದ್ದರು. ನಾನು ಇನ್ನೊಮ್ಮೆ ಬರೆಯುತ್ತಿದ್ದೆ. ಇನ್ನೂ ಕೆಟ್ಟದಾಗುತ್ತಿತ್ತು. ಒಬ್ಬರಾದರೂ ನನ್ನ ಬಲಗೈಯನ್ನು ನೋಡಲಿಲ್ಲ. ಎಲ್ಲರೂ ಎಡಗೈಯನ್ನು ತಿದ್ದುತ್ತಿದ್ದರು.

ಆ ವರ್ಷದ ದೀಪಾವಳಿಗೆ ಅಪ್ಪನ ಹೋಟೆಲಿನಲ್ಲಿ ಲಕ್ಷ್ಮೀಪೂಜೆ. ಕೆಲಸದವರ ಹೆಂಡತಿ ಮಕ್ಕಳೆಲ್ಲ ವರ್ಷಕ್ಕೊಮ್ಮೆ ಫೋರ್ಟಿಗೆ ಹೋಗುವ ದಿನ ಅದು. ಗಿರಾಕಿಗಳು ಕೂರುವ ಮೇಜುಗಳನ್ನು ಬದಿಗೆ ಸರಿಸಿ, ಗಲ್ಲಾದ ಎದುರು ರಂಗೋಲಿ ಹಾಕುತ್ತಿದ್ದರು. ಭಟ್ಟರು ಆರತಿ ತಟ್ಟೆ ಹಿಡಿದು ಸಾಲಾಗಿ ಬಂದರು. ಹೋಟೆಲಿನ ಧಣಿಗಳು ತೆಗೆದುಕೊಂಡರು, ಅವರ ಮನೆಯವರು ತೆಗೆದುಕೊಂಡರು, ಆಮೇಲೆ ನಮ್ಮ ಸರದಿ. ಅಜ್ಜಿ ಹಿಂದಿನಿಂದ ಪಿಸುಗುಟ್ಟಿದಳು: "ಎರಡೂ ಕೈ ಚಾಚು. ಬಲಗೈ ಮುಂದೆ."

ಚಾಚಿದೆ. ಎಡಗೈಯ ಬೆರಳುಗಳು ಜ್ವಾಲೆಯ ಮೇಲೆ ನೆಟ್ಟಗೆ ನಿಂತವು. ಬಲಗೈ ಮಣಿಕಟ್ಟಿನಲ್ಲಿ ಬಾಗಿತು, ಬೆರಳುಗಳು ನೇರ ಬೆಂಕಿಯೊಳಗೆ ಇಳಿದವು.

"ಅಯ್ಯೋ, ಕೈ ಎತ್ತು ಮಗೂ, ಕೈ ಎತ್ತು!" ಎಂದರು ಭಟ್ಟರು.

"ಎತ್ತಿದ್ದೇನೆ," ಎಂದೆ ನಾನು.

ನಾನು ನಿಜವಾಗಿಯೂ ಎತ್ತಿದ್ದೆ. ನನ್ನ ತಲೆಯೊಳಗೆ ಆ ಕೈ ಎದ್ದೇ ಇತ್ತು. ಅಮ್ಮ ನನ್ನ ತೋಳು ಹಿಡಿದು ಎಳೆದಳು. ಅಪ್ಪ ಧಣಿಗಳ ಮುಖ ನೋಡಿ, "ಇವಳಿಗೆ ಗಮನ ಇಲ್ಲ, ಎಲ್ಲಿಯೋ ನೋಡ್ತಾ ಇರ್ತಾಳೆ" ಎಂದು ನಾಚಿಕೆಯಿಂದ ನಕ್ಕರು. ಅಮ್ಮ ನಗಲಿಲ್ಲ. ನೀರಿನ ನಳದ ಕೆಳಗೆ ನನ್ನ ಬೆರಳು ಹಿಡಿದು ಮೆಲ್ಲನೆ ಕೇಳಿದಳು: "ಮಗಾ, ಈಗ ಎತ್ತು ನೋಡುವ." ಮಣಿಕಟ್ಟು ಸ್ವಲ್ಪ ನಡುಗಿತು, ಅಷ್ಟೇ. ಹಿಂದೆ ನಿಂತಿದ್ದ ಅಜ್ಜಿಗೆ ಅಮ್ಮ ಹೇಳಿದಳು: "ಅತ್ತೆ, ಇದು ಅಭ್ಯಾಸ ಅಲ್ಲ. ಇವಳ ಕೈ ಹೋಗ್ತಾ ಉಂಟು."

"ಎತ್ತಿದ್ದೇನೆ" ಎಂದ ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಲೋಕಲ್ಲಿನ ಗದ್ದಲದಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತಾಗ ಒಮ್ಮೊಮ್ಮೆ ಕೇಳಿಸುತ್ತದೆ. ಕತ್ತು ಮೇಲೆ ಮಾಡಿ ನೋಡುತ್ತೇನೆ, ಕೈ ಅಲ್ಲಿದೆಯೇ ಎಂದು.

ಮೊದಲು ನೋಡಿದ್ದು ನಮ್ಮ ಗಲ್ಲಿಯ ಡಾಕ್ಟರು. ಶಕ್ತಿಯ ಮಾತ್ರೆ ಕೊಟ್ಟರು. ಮುಂದಿನವರು ಎಕ್ಸ್‌ರೇ ತೆಗೆಸಿ, ಮೂಳೆ ಸರಿ ಇದೆ ಎಂದರು. ಮೂರನೆಯವರು ಅಮ್ಮನನ್ನು ಬದಿಗೆ ಕರೆದು, "ಸ್ಕೂಲಿಗೆ ಹೋಗಲು ಹೆದರಿಕೆ ಇರಬಹುದು, ನಾಟಕ ಮಾಡ್ತಾ ಇರಬಹುದು, ಸ್ವಲ್ಪ ಪ್ರೀತಿಯಿಂದ ಕೇಳಿ ನೋಡಿ" ಎಂದರು. ಅಮ್ಮ ಪ್ರೀತಿಯಿಂದಲೇ ಕೇಳಿದಳು. ನನಗೆ ಅಳು ಬಂತು. ನಾನು ಸುಳ್ಳು ಹೇಳುತ್ತಿದ್ದೇನೋ ಎಂದು ನನಗೇ ಅನುಮಾನ ಹುಟ್ಟಿದ್ದು ಆಗ.

ಕೊನೆಗೆ ಅಂಧೇರಿಯಲ್ಲಿ ನರದ ಪರೀಕ್ಷೆ. ಸೂಜಿ ಚುಚ್ಚಿ, ಸ್ನಾಯುವಿನ ಸದ್ದು ಕೇಳುವ ಯಂತ್ರ ಅದು. ಮೊದಲು ಎಡಗೈಗೆ ಹಾಕಿದರು. ತಗಡಿನ ಮೇಲೆ ಮಳೆ ಹೊಯ್ದ ಹಾಗೆ ಸದ್ದಾಯಿತು. ನನಗೆ ತಮಾಷೆ ಅನ್ನಿಸಿತು. ಆಮೇಲೆ ಬಲಗೈಗೆ. "ಜೋರ್ ಸೇ ಉಠಾವೋ ಬೇಟಾ," ಎಂದರು ಅಲ್ಲಿನವರು. ಇದ್ದ ಬಲವೆಲ್ಲ ಹಾಕಿ ಎತ್ತಿದೆ. ಯಂತ್ರದಲ್ಲಿ ಅಲ್ಲೊಂದು ಇಲ್ಲೊಂದು ಹನಿ. ಆ ಮೌನ ಕೇಳಿದ ಮೇಲೆ ಯಾರೂ ನನ್ನನ್ನು ನಾಟಕದವಳು ಅನ್ನಲಿಲ್ಲ. ಎಂಆರ್‌ಐ ಆಯಿತು. ಮೇಲ್ದೋಳಿನಲ್ಲಿ ಒಂದು ನರ ಒಂದಷ್ಟು ಉದ್ದಕ್ಕೆ ದಪ್ಪವಾಗಿದೆ ಎಂದರು. ವಿಶ್ವನಾಥ ಮಾವನೇ ಯಾರನ್ನೋ ಹಿಡಿದು ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಮೇಡಂ ನೇರ ಮನುಷ್ಯೆ. "ಮಕ್ಕಳಲ್ಲಿ ನಾನು ಇಂಥದ್ದು ನೋಡಿದ್ದು ಬಹಳ ಕಡಿಮೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಏನೂ ಹೇಳುವುದಿಲ್ಲ," ಎಂದರು.

ಆ ಚೂರು ತೆಗೆಯಲು ಮಕ್ಕಳ ವಾರ್ಡಿಗೆ ಸೇರಿಸಿದರು. ನನ್ನ ಪಕ್ಕದ ಹಾಸಿಗೆಯಲ್ಲಿ ವಿರಾರಿನ ಸಾನಿಕಾ, ನನ್ನದೇ ವಯಸ್ಸು. ಅವಳ ಮೊಣಕಾಲ ಹಿಂದೆ ಗಂಟು. ಅವಳದ್ದೂ ಚೂರು ತೆಗೆದು ಪರೀಕ್ಷೆಗೆ ಕಳಿಸುವುದಿತ್ತು. ಎರಡು ಜಡೆ, ಬಾಯಿ ಮುಚ್ಚದ ಹುಡುಗಿ. ಬೆಳಗ್ಗೆ ಎದ್ದ ಕೂಡಲೇ ನನ್ನ ಬಲಗೈಯನ್ನು ತಟ್ಟಿ, "ಊಠ್ ಗಂ, ಶಾಳೇಲಾ ಜಾಯ್ಚಂಯ್!" ಅನ್ನುತ್ತಿದ್ದಳು. ಏಳೇ, ಶಾಲೆಗೆ ಹೋಗಬೇಕು ಎಂದು, ನನಗಲ್ಲ, ನನ್ನ ಕೈಗೆ. ಕೈ ಏಳದಿದ್ದರೆ, "ಇದು ನನ್ನ ಅಣ್ಣನ ಹಾಗೆ, ನೀರು ಚಿಮುಕಿಸಬೇಕು," ಎಂದು ನಿಜಕ್ಕೂ ಲೋಟದ ನೀರು ಚಿಮುಕಿಸಿದಳು. ನರ್ಸಿನ ಹತ್ತಿರ ಇಬ್ಬರೂ ಬೈಸಿಕೊಂಡೆವು. ಎಷ್ಟೋ ತಿಂಗಳ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕದ್ದು ಅಲ್ಲಿ.

ಫಲಿತಾಂಶಕ್ಕೆ ಇಬ್ಬರನ್ನೂ ಒಂದೇ ದಿನ ಕರೆದಿದ್ದರು. ಹೊರಗಿನ ಬೆಂಚಿನಲ್ಲಿ ಎರಡೂ ಮನೆಯವರು ಒಟ್ಟಿಗೆ ಕೂತೆವು. ಸಾನಿಕಾಳ ತಾಯಿ ಡಬ್ಬದಿಂದ ಶೇಂಗಾ ಚಿಕ್ಕಿ ತೆಗೆದು ಕೊಟ್ಟರು. ಮೊದಲು ಅವರನ್ನು ಕರೆದರು. ಬಾಗಿಲು ಬಹಳ ಹೊತ್ತು ಮುಚ್ಚಿಯೇ ಇತ್ತು. ಹೊರಗೆ ಬಂದಾಗ ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಸಾನಿಕಾ ನನ್ನನ್ನು ನೋಡಿ ಭುಜ ಹಾರಿಸಿದಳು, ಇವರಿಗೆಲ್ಲ ಎಂತ ಆಗಿದೆಯೋ ಎಂಬ ಹಾಗೆ. ಅವರು ಮತ್ತೆ ಅದೇ ಬೆಂಚಿನಲ್ಲಿ ಕೂತರು.

ನಾವು ಒಳಗೆ ಹೋದೆವು. ಮೇಡಂ ಮೊದಲೇ ಹೇಳಿಬಿಟ್ಟರು: "ಸಾಧೀ ಗಾಠ್ ಆಹೇ." ಸಾದಾ ಗಂಟು, ಕ್ಯಾನ್ಸರ್ ಅಲ್ಲ. ಅದಕ್ಕೆ ಪೆರಿನ್ಯೂರಿಯೋಮಾ ಎಂಬ ಹೆಸರನ್ನೂ ಹೇಳಿದರು. ಅಪ್ಪ ಅದನ್ನು ಎರಡು ಸಲ ಹೇಳಿಸಿಕೊಂಡರು. ಅಮ್ಮ ಮೇಜಿನ ಮೇಲೆ ಹಣೆ ಇಟ್ಟಳು. ಎದ್ದಾಗ ಅವಳ ಮುಖ ಬೇರೆಯೇ ಆಗಿತ್ತು. ನಾನೂ ಹಲ್ಲು ಬಿಟ್ಟೆ. ಬಾಗಿಲಿಗೆ ಕೈ ಹಾಕುವ ಮೊದಲು ಅಮ್ಮ ನನ್ನ ಗಲ್ಲ ಹಿಡಿದಳು: "ಹೊರಗೆ ನಗಬೇಡ ಮಗಾ."

ನಾವು ತಲೆ ತಗ್ಗಿಸಿ, ನಮಗೂ ಕೆಟ್ಟದ್ದೇ ಹೇಳಿದ್ದಾರೆ ಎನ್ನುವ ಹಾಗೆ ಆ ಬೆಂಚನ್ನು ದಾಟಿದೆವು. ಸಾನಿಕಾ ಕರೆದಳು. ನಾನು ಕೈ ಬೀಸಿದೆ, ನಿಲ್ಲಲಿಲ್ಲ. ಅವರು ಬೇರೆ ಆಸ್ಪತ್ರೆಗೆ ಹೋದರು ಎಂದು ಆಮೇಲೆ ನರ್ಸ್ ಹೇಳಿದರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ವಿರಾರ್ ಲೋಕಲ್ಲಿನಲ್ಲಿ ನನ್ನ ಪ್ರಾಯದ, ಸ್ವಲ್ಪ ಕುಂಟುವ ಹುಡುಗಿ ಹತ್ತಿದರೆ ಅವಳು ಇಳಿಯುವವರೆಗೂ ಮುಖ ನೋಡುತ್ತೇನೆ. ಹಾಗೆ ನೋಡಿ ಬೈಸಿಕೊಂಡದ್ದೂ ಇದೆ.

ಆದರೆ ಸಾದಾ ಎಂಬ ಶಬ್ದ ನಮಗೆ ತಂದ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮುಂದಿನ ಭೇಟಿಯಲ್ಲಿ ಮೇಡಂ ಅಪ್ಪನನ್ನು ಎದುರು ಕೂರಿಸಿಕೊಂಡು ಹೇಳಿದ್ದು ಇದು. ಈ ಗಂಟು ಜೀವ ತೆಗೆಯುವುದಿಲ್ಲ, ಕೈ ತೆಗೆಯುತ್ತದೆ. ನರದ ಒಳಗೇ ಇದೆ, ನರವನ್ನು ಬಿಟ್ಟು ಅದನ್ನೊಂದನ್ನೇ ತೆಗೆಯಲು ಬರುವುದಿಲ್ಲ. ಹಾಳಾದ ಭಾಗವನ್ನು ಕತ್ತರಿಸಿ, ಕಾಲಿನಿಂದ ಒಂದು ನರ ತೆಗೆದು ಅಲ್ಲಿ ಜೋಡಿಸಬೇಕು. ಕತ್ತರಿಸಿದ ದಿನದಿಂದ ಈಗ ಉಳಿದಿರುವ ಚೂರುಪಾರು ಶಕ್ತಿಯೂ ಹೋಗುತ್ತದೆ. ಹೊಸ ನರ ಉಗುರು ಬೆಳೆಯುವ ಹಾಗೆ ನಿಧಾನ ಬೆಳೆಯಬೇಕು. ಬೆಳೆದರೆ ಬೆಳೆಯಿತು.

"ಈಗ ಇರುವಷ್ಟಾದರೂ ಇರಲಿ ಮೇಡಂ," ಎಂದರು ಅಪ್ಪ ಹಿಂದಿಯಲ್ಲಿ.

"ಇರುವಷ್ಟು ಇರುವುದಿಲ್ಲ. ಅದೇ ತೊಂದರೆ," ಎಂದರು ಮೇಡಂ.

ಮನೆಯಲ್ಲಿ ದೊಡ್ಡ ಮಾತುಕತೆ. ಮಾವ ಬಂದರು. "ಸಾದಾ ಗಂಟು ಅಂತ ಅವರೇ ಹೇಳಿದ ಮೇಲೆ ಕತ್ತರಿಸುವುದು ಯಾಕೆ? ಕೈ ಸರಿ ಮಾಡಲು ಹೋಗಿ ಕಾಲೂ ಹಾಳು ಮಾಡಿಸಿಕೊಳ್ಳುವುದಾ?" ಅಜ್ಜಿ ಹರಕೆ ಹೇಳಿಕೊಳ್ಳುವ ಎಂದಳು. ಅಪ್ಪ ಆಸ್ಪತ್ರೆಯ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದರು. ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ನಿನಗೆ ಎಂತ ಅನ್ನಿಸ್ತದೆ?"

"ಕಾಲಿನ ನರ ತೆಗೆದರೆ ಓಡಲಿಕ್ಕೆ ಆಗ್ತದಾ?"

"ಆಗ್ತದೆ ಅಂತ ಹೇಳಿದ್ದಾರೆ."

"ಹಾಗಾದರೆ ತೆಗೆಯಲಿ. ಇದು ದಿನಾ ಸ್ವಲ್ಪ ಸ್ವಲ್ಪ ಸಾಯ್ತಾ ಉಂಟಲ್ಲ, ನನಗೆ ಅದು ನೋಡಲಿಕ್ಕೆ ಆಗುವುದಿಲ್ಲ."

ಮಾವ ಏನೋ ಹೇಳಲು ಬಾಯಿ ತೆರೆದರು. ಅಮ್ಮ ಎಂದೂ ಅಣ್ಣನ ಎದುರು ಮಾತಾಡಿದವಳಲ್ಲ. ಅಂದು ಹೇಳಿದಳು: "ಅಣ್ಣಾ, ನಿಮ್ಮ ಕಾಳಜಿ ನನಗೆ ಗೊತ್ತುಂಟು. ಆದರೆ ಕೇಳಿಯಾಯ್ತು. ಅವಳೇ ಹೇಳಿಯಾಯ್ತು."

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನನ್ನನ್ನು ಗಾಡಿಯ ಮೇಲೆ ಮಲಗಿಸಿದ್ದರು. ಮೇಡಂ ಬಂದು, "ಒಮ್ಮೆ ಕೈ ಎತ್ತು, ನೋಡೋಣ" ಎಂದರು. ಎತ್ತಿದೆ. ಮಣಿಕಟ್ಟು ಒಂದಿಷ್ಟು ಮೇಲೆ ಬಂತು, ನಡುಗಿತು, ಬಿತ್ತು. ಅಮ್ಮ ಗಾಡಿಯ ಪಕ್ಕ ನಿಂತು ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಇದ್ದ ನರದಿಂದ ಆ ಕೈ ಎದ್ದದ್ದು ಅದೇ ಕೊನೆ. ಅಮ್ಮ ಈಗಲೂ ಆ ದಿನದ ಮಾತು ಬಂದರೆ, "ಅದು ನನಗೆ ಹೋಗಿ ಬರುತ್ತೇನೆ ಅಂದ ಹಾಗಿತ್ತು" ಅನ್ನುತ್ತಾಳೆ. ಆಮೇಲೆ ಎದ್ದು ಅಡಿಗೆಮನೆಗೆ ಹೋಗುತ್ತಾಳೆ.

ಎಚ್ಚರವಾದಾಗ ಕೈ ಇತ್ತು, ನನ್ನದಾಗಿರಲಿಲ್ಲ. ಬೇರೆ ಯಾರೋ ನನ್ನ ಪಕ್ಕ ಇಟ್ಟು ಹೋದ ವಸ್ತುವಿನ ಹಾಗೆ ಪಟ್ಟಿಯೊಳಗೆ ಬಿದ್ದಿತ್ತು. ಮನೆಗೆ ಬಂದ ಆ ದಿನವೇ ಮಾವ ಬಾಗಿಲಲ್ಲಿ ಆ ಮಾತು ಆಡಿದ್ದು.

ಆ ಮಾತಿಗೆ ಉತ್ತರ ಕೊಟ್ಟವಳು ಅಜ್ಜಿ, ಅದೂ ಬಾಯಿಂದಲ್ಲ. ಮಾವ ಹೋದ ಮೇಲೆ ನನ್ನ ಚೀಲದಿಂದ ಪೆನ್ಸಿಲ್ ತೆಗೆದಳು. ಬಂದು ನನ್ನ ಎಡಗಡೆ ಕೂತಳು. ತಾನು ಹೊಡೆಯುತ್ತಿದ್ದ ಅದೇ ಎಡಗೈಯನ್ನು ಎತ್ತಿ, ಬೆರಳುಗಳ ನಡುವೆ ಪೆನ್ಸಿಲ್ ಇಟ್ಟು ಮಡಚಿದಳು. ಅಜ್ಜಿಗೆ ಓದು ಬರಹ ಗೊತ್ತಿಲ್ಲ. ಪೆನ್ಸಿಲನ್ನು ತಲೆಕೆಳಗಾಗಿ ಹಿಡಿಸಿದ್ದಳು. "ಬರಿ," ಎಂದಳು. ನಾನು ಅದನ್ನು ತಿರುಗಿಸಿಕೊಂಡು ನನ್ನ ಹೆಸರು ಬರೆದೆ. ಒಂದು ಹಾಳೆ ಇಡೀ ಒಂದು ಹೆಸರಿಗೇ ಮುಗಿಯಿತು. ಅಜ್ಜಿ ಅದನ್ನು ನೋಡಿ, "ಚಂದ ಉಂಟು" ಎಂದು ಕಣ್ಣೊರೆಸಿಕೊಂಡಳು. ಅಲ್ಲಿಂದ ದಿನವೂ ಪಾಠ. ಚಾಳಿನವರು ಯಾರಾದರೂ "ಎಡಗೈಯಲ್ಲಿ ಬರೆಸ್ತೀರಾ?" ಎಂದರೆ ಅಜ್ಜಿ, "ನಿಮ್ಮ ಮನೆಯ ಶಾಯಿ ಅಲ್ಲವಲ್ಲ, ಹೋಗಿ" ಅನ್ನುತ್ತಿದ್ದಳು.

ಕಾಯುವುದು ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ತಿಂಗಳುಗಳಲ್ಲಿ. ಮಣಿಕಟ್ಟು ಬೀಳದ ಹಾಗೆ ಪ್ಲಾಸ್ಟಿಕ್ಕಿನ ಪಟ್ಟಿ. ವಾರಕ್ಕೊಮ್ಮೆ ಲೋಕಲ್ ಹಿಡಿದು ವ್ಯಾಯಾಮಕ್ಕೆ. ಅಲ್ಲಿ ಹೇಳುತ್ತಿದ್ದರು: ಏಳದಿದ್ದರೂ ಎತ್ತು ಎಂದು ಮನಸ್ಸಿನಲ್ಲೇ ಹೇಳು. ಹೇಳುತ್ತಿದ್ದೆ. ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದ ಹಾಗೆ. ಮಳೆಗಾಲ ಬಂತು, ಹೋಯಿತು. ಗಣಪತಿ ಬಂದ, ಹೋದ. ತೋಳಿನ ಗಾಯದ ಮೇಲೆ ಬೆರಳಿನಿಂದ ತಟ್ಟಿದರೆ ಕೈಯ ಹಿಂಭಾಗಕ್ಕೆ ಸಣ್ಣ ಕರೆಂಟ್ ಹೊಡೆಯುತ್ತಿತ್ತು. ನರ ಬೆಳೆಯುವ ಗುರುತು ಅದು ಎಂದರು ಮೇಡಂ. ನನಗೆ ಮಾತ್ರ ಒಳಗೆ ಕತ್ತಲಲ್ಲಿ ಯಾರೋ ದಾರಿ ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು. ಅವರಿಗೆ ದಾರಿ ತಪ್ಪಿದರೆ?

ಒಂದು ಭಾನುವಾರ ಅಜ್ಜಿ ಮುಂಗೈಗೆ ತೆಂಗಿನೆಣ್ಣೆ ಹಚ್ಚುತ್ತಿದ್ದಳು. ನಾನು ಅಭ್ಯಾಸದ ಬಲದಿಂದ ಒಳಗೊಳಗೇ ಎತ್ತು, ಎತ್ತು ಎನ್ನುತ್ತಿದ್ದೆ. ಅಜ್ಜಿಯ ಕೈ ನಿಂತಿತು.

"ಇಲ್ಲಿ ಎಂತದೋ ಹರಿದ ಹಾಗಾಯ್ತು. ಇರುವೆ ಹೋದ ಹಾಗೆ."

"ಎಲ್ಲಿ?"

"ಚರ್ಮದ ಒಳಗೆ. ಇನ್ನೊಮ್ಮೆ ಮಾಡು ನೀನು ಮಾಡಿದ್ದು."

ಮಾಡಿದೆ. ಈ ಸಲ ನನಗೂ ಗೊತ್ತಾಯಿತು. ಅಮ್ಮ ಹೊಲಿಗೆ ಬಿಟ್ಟು ಬಂದಳು, ಅಪ್ಪನಿಗೆ ರಜೆ ಇತ್ತು, ಅವರೂ ಬಂದರು. ಮೂವರೂ ಸರದಿಯಲ್ಲಿ ಬೆರಳಿಟ್ಟು ನೋಡಿದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಂದು ಯಾರೂ ಜೋರಾಗಿ ಮಾತಾಡಲಿಲ್ಲ, ಎಚ್ಚರವಾದ ಮಗು ಮತ್ತೆ ಮಲಗಿಬಿಡುತ್ತದೋ ಎಂಬ ಹೆದರಿಕೆಯಲ್ಲಿ.

ಸಾನಿಕಾ ಇದ್ದಿದ್ದರೆ ನೀರು ಚಿಮುಕಿಸುತ್ತಿದ್ದಳು.

ಮುಂದಿನ ವರ್ಷದೊಳಗೆ ಮಣಿಕಟ್ಟು ಎದ್ದಿತು. ಬೆರಳುಗಳು ಪೂರಾ ಬರಲಿಲ್ಲ. ಅವಕ್ಕೆ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿ, ಬೇರೆ ಕಡೆಯ ಸ್ನಾಯುವೊಂದನ್ನು ಬೆರಳುಗಳ ಕೆಲಸಕ್ಕೆ ಜೋಡಿಸಿದರು. ಹೆಬ್ಬೆರಳು ಇಂದಿಗೂ ಅರ್ಧವೇ ಬಿಚ್ಚುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಬರೆಯಲು ಬೇರೆಯವರನ್ನು ಕೊಡುತ್ತೇವೆ ಎಂದರು. ನಾನು ಹೆಚ್ಚಿನ ಸಮಯ ಮಾತ್ರ ತೆಗೆದುಕೊಂಡೆ. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಬಲಗೈ. ಉತ್ತರ ಪತ್ರಿಕೆ ತಿದ್ದಿದವರು ಇಬ್ಬರು ಸೇರಿ ಬರೆದಿದ್ದಾರೆ ಅಂದುಕೊಂಡಿರಬೇಕು. ಆಮೇಲೆ ಬೆಳಗಿನ ಕಾಲೇಜು, ಹಗಲು ಅಂಧೇರಿಯ ಒಂದು ಆಫೀಸಿನಲ್ಲಿ ಕೆಲಸ. ಹೀಗೆಯೇ ಡಿಗ್ರಿ ಮುಗಿಯಿತು.

ಎಲ್ಲ ಮುಗಿಯಿತು ಎಂದು, ಕಳೆದ ತಪಾಸಣೆಯ ದಿನ ಬೆಂಚಿನಲ್ಲಿ ಸಿಕ್ಕಿದ ಆ ತಾಯಿಗೆ ನಾನು ಸುಳ್ಳು ಹೇಳಲಾರೆ. ನರ ತೆಗೆದ ಕಾಲಿನ ಹೊರಬದಿ ಮರಗಟ್ಟಿಯೇ ಇದೆ. ಒಮ್ಮೆ ಚಪ್ಪಲಿ ಕಳಚಿಹೋದದ್ದು ಸ್ಟೇಷನ್ ದಾಟಿದ ಮೇಲೆ ಗೊತ್ತಾಯಿತು. ಕೈ ದಣಿದು ನಡುಗಿದರೆ ಮತ್ತೆ ಬಂತೇ ಎಂದು ಎದೆ ಹಾರುತ್ತದೆ. ತಪಾಸಣೆಯ ದಿನ ಹತ್ತಿರವಾದರೆ ಅಮ್ಮ ನನ್ನ ಕೈಗೆ ಲೋಟ ಕೊಟ್ಟು, ನೋಡದ ಹಾಗೆ ನೋಡುತ್ತಾಳೆ. ಆದರೆ ಮಕ್ಕಳಿಗೆ ಇಂಥದ್ದು ಬರುತ್ತದೆ, ತಾಯೀ. ನೀವು ತಪ್ಪು ಕೇಳಿ ಬಂದಿಲ್ಲ. ನಿಮ್ಮ ಹುಡುಗ ನಾಟಕ ಮಾಡುತ್ತಿಲ್ಲ. ಅವನ ಪಾದ ಏಳದಿದ್ದರೂ ಅವನ ತಲೆಯೊಳಗೆ ಅದು ಎದ್ದೇ ಇರುತ್ತದೆ. ಅವನು ಹೇಳಿದ್ದನ್ನು ನಂಬಿ.

ಕಾಲೇಜಿನಲ್ಲಿ ಪದವಿ ಪತ್ರ ಕೊಡುವ ದಿನ ಅಮ್ಮನಿಗೆ ಬರಲಾಗಲಿಲ್ಲ. ಹಾಸಿಗೆ ಹಿಡಿದ ಅಜ್ಜಿಯನ್ನು ಒಬ್ಬಳೇ ಬಿಡುವಂತಿರಲಿಲ್ಲ. ಅಪ್ಪ ಚಾ ಕೌಂಟರನ್ನು ಬೇರೆಯವರಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಿದ್ದರು. ಮುಂದೆ ಬನ್ನಿ ಎಂದರೆ, "ಇಲ್ಲಿಂದಲೇ ಕಾಣ್ತದೆ" ಎಂದರು. ನನ್ನ ಹೆಸರು ಕರೆದರು. ಪ್ರಿನ್ಸಿಪಾಲರು ಪತ್ರ ಕೊಟ್ಟರು, ನಾನು ತೆಗೆದುಕೊಂಡೆ, ಯಾರೋ ಫೋಟೋ ಹೊಡೆದರು. ಕೆಳಗಿಳಿದು ನೇರ ಕೊನೆಯ ಸಾಲಿಗೆ ನಡೆದು ಅದನ್ನು ಅಪ್ಪನ ಮುಂದೆ ಹಿಡಿದೆ.

ಅಪ್ಪ ಎದ್ದು ನಿಂತರು. ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಚಾಚಿದರು. ಮತ್ತೆ ಹಿಂದಕ್ಕೆ ಎಳೆದುಕೊಂಡರು.

"ನೀನೇ ಹಿಡ್ಕೊ ಮಗಾ," ಎಂದರು. "ನನ್ನ ಕೈ ನಡುಗ್ತಾ ಉಂಟು. ಬಿದ್ದು ಹೋದೀತು."